ಕನ್ನಡಕ ಇದ್ದರೆ 8×42

ಹಕ್ಕಿ ನೋಡೋಕೆ ದಾಂಡೇಲಿಗೆ ಹೊರಟಿದ್ದೀನಿ, ಕನ್ನಡಕ ಬೇರೆ ಇದೆ, ಬೈನಾಕ್ಯುಲರ್ 8×42 ತಗೊಳ್ಳಲೋ 10×50 ತಗೊಳ್ಳಲೋ ಅಂತ ಕೇಳಿದ್ದೀರಿ. (ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು, ಎರಡನೆಯದು ಮುಂದಿನ ಲೆನ್ಸ್ ಎಷ್ಟು ಮಿ.ಮೀ. ಅಗಲ ಅನ್ನೋದು.) ಯೋಚನೆನೇ ಬೇಡ, 8×42. ದಟ್ಟ ಮರಗಳ ನಡುವೆ ಮಂಗಟ್ಟೆ ಹಕ್ಕಿ ಹಾರಿದಾಗ, ಹತ್ತರ ಪವರ್‌ನ ಕಿರಿದಾದ ನೋಟದಲ್ಲಿ ಹುಡುಕುವಷ್ಟರಲ್ಲಿ ಅದು ಹೋಗಿಯೇ ಬಿಟ್ಟಿರುತ್ತೆ. ಕೈನಡುಕವೂ ಜಾಸ್ತಿ ಕಾಣುತ್ತೆ. 42ನ್ನು 8ರಿಂದ ಭಾಗಿಸಿದರೆ 5.25, ಕಣ್ಣಿಗೆ ಬರುವ ಬೆಳಕಿನ ವೃತ್ತ ಅಷ್ಟು ಮಿ.ಮೀ. ಅಗಲ. 10×50ರಲ್ಲಿ 5 ಮಾತ್ರ. ಸುಮ್ಮನೆ ಕುತ್ತಿಗೆಗೆ ಭಾರ!

ನೀವು ನಿಜವಾಗಿ ನೋಡಬೇಕಾದ್ದು ಐ ರಿಲೀಫ್, ಅಂದರೆ ಪೂರ್ತಿ ದೃಶ್ಯ ಕಾಣೋ ಹಾಗೆ ಕಣ್ಣನ್ನು ಲೆನ್ಸಿನಿಂದ ಎಷ್ಟು ದೂರ ಇಡಬಹುದು ಅನ್ನೋದು. 16 ಮಿ.ಮೀ.ಗಿಂತ ಕಡಿಮೆ ಇದ್ದರೆ ಕನ್ನಡಕದವರಿಗೆ ದೃಶ್ಯದ ಅಂಚು ಕತ್ತರಿಸಿ ಹೋಗುತ್ತೆ. ಅಂಗಡಿಯಲ್ಲೇ ಕನ್ನಡಕ ಹಾಕಿಕೊಂಡು, ಐಕಪ್ (ಕಣ್ಣಿಡುವ ಕಡೆಯ ರಬ್ಬರ್ ಬಳೆ) ಪೂರ್ತಿ ಒಳಕ್ಕೆ ತಿರುಗಿಸಿ ನೋಡಿ. ಆನ್‌ಲೈನ್‌ನಲ್ಲಿ ತಗೊಂಡರೆ ವಾಪಸ್ ಕೊಡೋ ಸೌಲಭ್ಯ ಇರಲಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಆ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತೆ.