ನೈರೋಬಿಗೆ ಹೊರಟ ತಮ್ಮನಿಗೆ

ಬಾಡಿಗೆ ಎಷ್ಟು, ಮಕ್ಕಳಿಗೆ ಯಾವ ಶಾಲೆ, ಮತ್ತೆ "ಅಲ್ಲಿ ಅಧ್ಯಕ್ಷರೇ ವಿಶ್ವಾಸಿ ಕ್ರೈಸ್ತರಂತೆ, ನಮ್ಮಂಥವರಿಗೆ ನೆಮ್ಮದಿ ಅಲ್ವಾ ಅಕ್ಕ?" ಅಂತ ಕೇಳಿದ್ದೀ. ಬಾಡಿಗೆ ನಿನ್ನ ಕಂಪನಿಯವರನ್ನೇ ಕೇಳು. ಪಾರ್ಕ್‌ಲ್ಯಾಂಡ್ಸ್ ಕಡೆ ಶಾಲೆಗಳಿಗೇನೂ ಬರವಿಲ್ಲ. ಕುಚ್ಚಲಕ್ಕಿ ಮಾತ್ರ ಬರುವಾಗಲೇ ತಂದುಬಿಡು ಮಾರಾಯ.

ಮೂರನೆಯದನ್ನು ನಿಧಾನವಾಗಿ ಹೇಳಬೇಕು. ನಾನು ಕೆನ್ಯಾಕ್ಕೆ ಬಂದಿಳಿದದ್ದು 2010ರಲ್ಲಿ, ಹೊಸ ಸಂವಿಧಾನಕ್ಕೆ ಜನಮತ ಕೇಳುತ್ತಿದ್ದ ಹೊತ್ತಿನಲ್ಲಿ. 2007ರ ಚುನಾವಣೆ ಮುಗಿದದ್ದೇ ಬುಡಕಟ್ಟುಗಳು ಕಡಿದಾಡಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಎಲ್ಡೊರೆಟ್ ಹತ್ತಿರದ ಕಿಯಾಂಬಾದಲ್ಲಿ ಜನ ಆಶ್ರಯಕ್ಕೆಂದು ಹೊಕ್ಕಿದ್ದ ಚರ್ಚಿಗೇ ಬೆಂಕಿಯಿಟ್ಟಿದ್ದರು. ಆ ಗಾಯಕ್ಕೆ ಮದ್ದೆಂದು ಬಂದ ಸಂವಿಧಾನವನ್ನು ಇಲ್ಲಿನ ಪಾಸ್ಟರುಗಳು ಗರ್ಭಪಾತ, ಮುಸ್ಲಿಮರ ಖಾಜಿ ನ್ಯಾಯಾಲಯದ ಕಾರಣ ಹೇಳಿ ಬೇಡ ಎಂದರು. ಬೇಡ ಎನ್ನುವವರ ಮುಂದಾಳು ಆಗ ಮಂತ್ರಿಯಾಗಿದ್ದ ವಿಲಿಯಂ ರೂಟೊ. ಮೂರರಲ್ಲಿ ಎರಡು ಪಾಲು ಜನ ಬೇಕು ಎಂದರು. ಪಾಸ್ಟರುಗಳು ಸೋತರೂ ಆ ಗೆಳೆತನ ಉಳಿಯಿತು. 2022ರಲ್ಲಿ ರೂಟೊ ಅಧ್ಯಕ್ಷರಾದಾಗ ಅಧ್ಯಕ್ಷರ ನಿವಾಸವಾದ ಸ್ಟೇಟ್ ಹೌಸಿನಲ್ಲೇ ಪ್ರಾರ್ಥನೆ ನಡೆಯಿತು.

2008ರಲ್ಲಿ ಮಂಗಳೂರಿನ ಪ್ರಾರ್ಥನಾಲಯಗಳ ಗಾಜು ಒಡೆದದ್ದು ನೋಡಿ ಬಂದವರು ನಾವು. ದೇಶದ ಅಧ್ಯಕ್ಷನೇ ಮೊಣಕಾಲೂರಿದರೆ ಎದೆ ಉಬ್ಬದೆ ಇರುತ್ತದೆಯೇ? ಉಬ್ಬಲಿ, ಆದರೆ ಕಾಣಿಕೆ ತಟ್ಟೆಯ ಮೇಲೂ ಕಣ್ಣಿಡು. ಇಲ್ಲಿ ಹರಾಂಬೆ ಅಂತ ಇದೆ, ನಮ್ಮ ಬೆಳೆ ಹಬ್ಬದ ಹರಾಜಿನ ಹಾಗೆ ಎಲ್ಲರೂ ಸೇರಿ ದುಡ್ಡು ಎತ್ತುವುದು. ರಾಜಕಾರಣಿ ಲಕ್ಷಗಟ್ಟಲೆ ಶಿಲಿಂಗ್ ಕೊಟ್ಟರೆ ಮೈಕೂ ಅವನ ಕೈಗೇ. ಆಂಗ್ಲಿಕನ್ನರು 2021ರಲ್ಲೇ ಹಾಗೆ ಮೈಕು ಕೊಡುವುದಕ್ಕೆ ತಡೆ ಹಾಕಿದರು. ಎಲ್ಲ ಚರ್ಚುಗಳಿಗೆ ಆ ಧೈರ್ಯ ಬರಲಿಲ್ಲ.

2024ರಲ್ಲಿ ತೆರಿಗೆ ಮಸೂದೆಯ ವಿರುದ್ಧ ಎದ್ದ ಹುಡುಗರು ಸಂಡೇ ಸ್ಕೂಲಿನಲ್ಲೇ ಬೆಳೆದವರು. ರೂಟೊಗೆ ಬೈಬಲಿನ ತೆರಿಗೆ ವಸೂಲಿಗಾರನ ಹೆಸರಿಟ್ಟು "ಜಕ್ಕಾಯ, ಇಳಿದು ಬಾ" ಎಂದು ಕೂಗಿದರು. ಜೂನ್ 25ರಂದು ಸಂಸತ್ತಿಗೆ ನುಗ್ಗಿದರು, ಗುಂಡಿಗೆ ಕೆಲವರು ಸತ್ತರು. ಮರುದಿನ ಅಧ್ಯಕ್ಷರು ಮಸೂದೆ ಕೈಬಿಟ್ಟರು.

ನನ್ನ ಮಗಳಿಗೆ ಬೈಬಲ್ ಕಲಿಸುತ್ತಿದ್ದ ಹುಡುಗಿ ಆಮೇಲೆ ಚರ್ಚಿಗೆ ಬಂದಿಲ್ಲ. "ಮಂತ್ರಿ ಬಂದರೆ ಮುಂದಿನ ಬೆಂಚು, ನಾವು ಟಿಯರ್ ಗ್ಯಾಸ್ ಕುಡಿದು ಓಡಿ ಬಂದರೆ ಗೇಟಿಗೆ ಬೀಗ" ಎಂದಳು. 1992ರಲ್ಲಿ ರಾಜಕೀಯ ಕೈದಿಗಳ ತಾಯಂದಿರನ್ನು ಒಳಗೆ ಕರೆದುಕೊಂಡ ಆಲ್ ಸೇಂಟ್ಸ್ ಕಥೀಡ್ರಲ್ ಇರುವ ಊರು ಇದು! ಅವಳ ಮನೆಗೆ ನಮ್ಮ ಹಿರಿಯರಲ್ಲಿ ಒಬ್ಬರಾದರೂ ಹೋಗಿ ಮಾತಾಡಿಸಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ. 2025ರ ಮಾರ್ಚಿನಲ್ಲಿ ರೂಟೊ ಇಲ್ಲಿನ ರೊಯ್ಸಾಂಬು ಬಡಾವಣೆಯ ಒಂದು ಚರ್ಚಿಗೆ 2 ಕೋಟಿ ಶಿಲಿಂಗ್ ಕೊಡುತ್ತೇನೆಂದಾಗ, ಮುಂದಿನ ಭಾನುವಾರ ಯುವಕರು ಅಲ್ಲಿ ಟಯರ್ ಸುಟ್ಟರು. ನನಗೇನೂ ಆಶ್ಚರ್ಯವಾಗಲಿಲ್ಲ.

ಯಾವ ಚರ್ಚು ಅಂತ ನಾನು ಹೇಳುವುದಿಲ್ಲ. ಕೆಲವು ಭಾನುವಾರ ಹಿಂದೆ ಕೂತು ನೋಡು, ಪ್ರಕಟಣೆಯಲ್ಲಿ ಯಾರ್ಯಾರ ಹೆಸರು ಬರುತ್ತದೆ, ಲೆಕ್ಕಪತ್ರ ಸಭೆಯ ಮುಂದೆ ಇಡುತ್ತಾರೋ ಇಲ್ಲವೋ ಅಂತ. ನಿನಗಿಲ್ಲಿ ಓಟಿಲ್ಲ, ವರ್ಕ್ ಪರ್ಮಿಟ್ ಮೇಲಿನ ಬದುಕು, ಮೆರವಣಿಗೆಗೆ ಹೋಗಬೇಡ. ಜೂನ್ 25, ಆಮೇಲೆ ಪ್ರಜಾಪ್ರಭುತ್ವ ಹೋರಾಟದ ನೆನಪಿನ ದಿನವಾದ ಜುಲೈ 7 ಬಂತೆಂದರೆ ಪೇಟೆ ಕಡೆ ತಲೆಹಾಕಬೇಡ. ಆದರೆ ಯೂತ್‌ನವರು ಮಾತಾಡುವಾಗ ಎದ್ದು ಹೋಗದೆ ಕೂತು ಕೇಳು. ಭಾರತೀಯ ಅಂದರೆ ದುಡ್ಡಿದೆ ಅಂತಲೇ ಇಲ್ಲಿ ಲೆಕ್ಕ, ಹರಾಂಬೆ ಚೀಟಿ ನಿನಗೂ ಬರುತ್ತದೆ. ಕೊಡುವುದಾದರೆ ರಶೀದಿ ಕೇಳಿ ಕೊಡು.