ಕೆಲಸದ ಭದ್ರತೆ ಇಲ್ಲದಾಗ ಮನೆಯ ಹಣಕಾಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಕೆಲಸ ಮಾಡುವ ಸಂಸ್ಥೆಯಲ್ಲಿ ಒಂದೇ ವರ್ಷದೊಳಗೆ ಎರಡು ಸಲ ಸಿಬ್ಬಂದಿ ಕಡಿತವಾಗಿದ್ದು, ಮುಂದಿನ ಸರದಿ ನನ್ನದೇ ಇರಬಹುದೆಂಬ ಭಯ ಕಾಡುತ್ತಿದೆ. ಮನೆಯಲ್ಲಿ ದುಡಿಯುವವನು ನಾನೊಬ್ಬನೇ. ವಾಹನ ಸಾಲದ ಕಂತು ಮತ್ತು ಕ್ರೆಡಿಟ್ ಕಾರ್ಡಿನ ಬಾಕಿ ಇವೆ. ಉಳಿತಾಯ ಮಾಡಲೇಬೇಕೆಂದು ಪ್ರತಿಯೊಂದು ಸಣ್ಣ ಖರ್ಚಿಗೂ ಮನೆಯವರ ಮೇಲೆ ರೇಗುತ್ತಿದ್ದೇನೆ. ಆದರೂ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯುತ್ತಿಲ್ಲ. ಕೆಲಸ ಹೋಗಬಹುದೆಂಬ ಅನುಮಾನವನ್ನು ಪತ್ನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಪತ್ನಿಗೆ ಹೇಳಿ. ಖರ್ಚಿನ ಕೀಲಿ ಇಬ್ಬರ ಕೈಯಲ್ಲೂ ಇರುವಾಗ ಕಾರಣ ಒಬ್ಬರಿಗೆ ಮಾತ್ರ ಗೊತ್ತಿದ್ದರೆ, ನಿಮ್ಮ ಮಿತವ್ಯಯ ಮನೆಯವರಿಗೆ ಬರೀ ಸಿಡುಕಾಗಿ ಕಾಣಿಸುತ್ತದೆ. ನೀವು ಸಿಡುಕುವುದು ನಿಮ್ಮ ಸ್ವಭಾವದ ದೋಷವೆಂದು ನಾನು ಭಾವಿಸುವುದಿಲ್ಲ. ಆನಂದಿ ಮಣಿ ಮತ್ತು ಅವರ ಸಂಗಡಿಗ ಸಂಶೋಧಕರು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಂದೇ ಗುಂಪಿನ ಕಬ್ಬು ಬೆಳೆಗಾರರು ಕಟಾವಿಗೆ ಮುನ್ನ ಹಣದ ಮುಗ್ಗಟ್ಟಿನಲ್ಲಿದ್ದಾಗ, ಕಟಾವಿನ ನಂತರ ಕೈಯಲ್ಲಿ ಹಣವಿದ್ದಾಗಿನದಕ್ಕಿಂತ ಯೋಚನಾಶಕ್ತಿಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿದ್ದರು. ಹಣದ ಚಿಂತೆ ಮನಸ್ಸಿನ ಜಾಗವನ್ನೇ ಕಬಳಿಸುತ್ತದೆ. ಹಾಗಾಗಿ ದಿನಕ್ಕೆ ಹತ್ತು ಸಲ ಸಣ್ಣ ಸಣ್ಣ ಖರ್ಚಿನ ಬಗ್ಗೆ ತೀರ್ಮಾನ ಮಾಡುವ ಹೊರೆಯನ್ನು ಇಳಿಸಿ, ಒಂದೇ ಸಲ ಕುಳಿತು ನಾಲ್ಕೈದು ದೊಡ್ಡ ತೀರ್ಮಾನಗಳನ್ನು ಮಾಡುವುದು ನಿಮಗೆ ಹೆಚ್ಚು ಉಪಯುಕ್ತ.

ಸಂಬಳ ನಿಂತ ದಿನದಿಂದ ಈಗ ಇರುವ ಹಣದಲ್ಲಿ ಮನೆ ಎಷ್ಟು ತಿಂಗಳು ನಡೆದೀತು ಎಂಬುದನ್ನು ಮೊದಲು ಲೆಕ್ಕ ಹಾಕಿ. ನಿಮ್ಮ ಪರಿಸ್ಥಿತಿಯಲ್ಲಿ ಮಿತವ್ಯಯಕ್ಕೆ ಇರುವ ಅರ್ಥ ಇದೊಂದೇ: ಮುಂದಿನ ಕೆಲಸವನ್ನು ಗಾಬರಿಯಿಲ್ಲದೆ ಹುಡುಕಲು ಬೇಕಾದ ಕಾಲಾವಕಾಶವನ್ನು ಗಳಿಸಿಕೊಳ್ಳುವುದು. ನೂರು ರೂಪಾಯಿ ಆದಾಯದಲ್ಲಿ ತೊಂಬತ್ತನ್ನು ಖರ್ಚು ಮಾಡುವ ಮನೆಗೆ ಒಂದು ತಿಂಗಳ ಖರ್ಚಿನಷ್ಟು ಹಣ ಕೂಡಿಡಲು 9 ತಿಂಗಳು ಬೇಕು. ಖರ್ಚು ಎಪ್ಪತ್ತೈದಕ್ಕೆ ಇಳಿದರೆ 3 ತಿಂಗಳು ಸಾಕು. ಉಳಿಯುವ ಹಣ ಹೆಚ್ಚುವುದರ ಜೊತೆಗೆ, ಕೂಡಿಡಬೇಕಾದ ಮೊತ್ತವೇ ಚಿಕ್ಕದಾಗುವುದರಿಂದ ಹೀಗಾಗುತ್ತದೆ. ಸಾಮಾನ್ಯವಾಗಿ 3ರಿಂದ 6 ತಿಂಗಳ ಖರ್ಚಿನಷ್ಟು ಆಪತ್ತಿನ ನಿಧಿ ಇರಬೇಕೆಂದು ಹಣಕಾಸು ಸಲಹೆಗಾರರು ಹೇಳುತ್ತಾರೆ. ಒಬ್ಬರ ದುಡಿಮೆಯ ಮೇಲೇ ನಿಂತ ಮನೆಯಾದ್ದರಿಂದ ನೀವು 6 ತಿಂಗಳ ಗುರಿ ಇಟ್ಟುಕೊಳ್ಳುವುದು ಮೇಲು. ಆದರೆ ಮೊದಲ ಒಂದು ತಿಂಗಳ ಹಣ ಕೂಡಿದಾಗಲೇ ನಿದ್ದೆ ಸ್ವಲ್ಪ ಸುಧಾರಿಸುತ್ತದೆಂಬುದನ್ನೂ ಮರೆಯಬೇಡಿ. ಈ ಹಣ ಬೇಕೆಂದಾಗ ತೆಗೆಯಲು ಬರುವ ಉಳಿತಾಯ ಖಾತೆಯಲ್ಲೋ ಅಲ್ಪಾವಧಿ ಠೇವಣಿಯಲ್ಲೋ ಇರಲಿ, ಷೇರುಗಳಲ್ಲಿ ಬೇಡ. ಆರ್ಥಿಕ ಹಿಂಜರಿತದಲ್ಲಿ ಕೆಲಸ ಹೋಗುವುದೂ ಷೇರು ಬೆಲೆ ಕುಸಿಯುವುದೂ ಅನೇಕ ಸಲ ಒಟ್ಟಿಗೇ ಬರುತ್ತವೆ.

ಇನ್ನು ಎಲ್ಲಿ ಕಡಿತ ಮಾಡಬೇಕೆಂಬ ವಿಷಯ. ಕಳೆದ 3 ತಿಂಗಳ ಬ್ಯಾಂಕ್ ಮತ್ತು ಕಾರ್ಡ್ ಲೆಕ್ಕವನ್ನು ಮುಂದಿಟ್ಟುಕೊಂಡು, ಇಬ್ಬರೂ ಸೇರಿ, ತಪ್ಪು ಯಾರದೆಂಬ ಮಾತನ್ನೇ ಎತ್ತದೆ ಓದಿ. ಜಪಾನಿನ ಪತ್ರಕರ್ತೆ ಹಾನಿ ಮೊಟೊಕೊ 1904ರಲ್ಲಿ ಮನೆಲೆಕ್ಕ ಬರೆಯುವ ಪುಸ್ತಕವನ್ನು ರೂಪಿಸಿ ಪ್ರಕಟಿಸಿದರು. ಇಂದಿಗೂ ಆ ದೇಶದಲ್ಲಿ ಅಂಥ ಪುಸ್ತಕಗಳ ಬಳಕೆ ಇದೆ. ಮೊಬೈಲಿನಲ್ಲಿ ಬರೆದರೂ ಕಾಗದದ ಮೇಲೆ ಬರೆದರೂ ಸರಿಯೇ, ಆದರೆ ತಿಂಗಳು ಮುಗಿದ ಮೇಲೆ ಲೆಕ್ಕ ಒಪ್ಪಿಸುವುದಕ್ಕಿಂತ ತಿಂಗಳ ಆರಂಭದಲ್ಲೇ ಹಣವನ್ನು ವಿಂಗಡಿಸುವುದು ಮುಖ್ಯ. ಸಂಬಳ ಬಂದ ದಿನವೇ ಉಳಿತಾಯದ ಪಾಲು ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ಉಳಿದದ್ದನ್ನು ಕೂಡಿಡುತ್ತೇನೆಂದರೆ ಉಳಿಯುವುದಿಲ್ಲ. ನಿಮ್ಮ ಅನುಭವವೂ ಅದೇ ಅಲ್ಲವೇ?

ಬಾಡಿಗೆ, ಕಂತು, ವಾಹನ, ಚಂದಾಗಳಂಥ ಮರುಕಳಿಸುವ ಖರ್ಚುಗಳ ಮೇಲೆ ಮೊದಲು ಕಣ್ಣಿಡಿ, ಏಕೆಂದರೆ ಅಲ್ಲಿ ಒಂದು ಸಲ ಮಾಡಿದ ತೀರ್ಮಾನ ಪ್ರತಿ ತಿಂಗಳೂ ಹಣ ಉಳಿಸಿಕೊಡುತ್ತದೆ. ವಾಹನ ನಿಜಕ್ಕೂ ಅಗತ್ಯವೇ, ಅದನ್ನು ಮಾರಿ ಸಾಲ ತೀರಿಸಬಹುದೇ ಎಂದು ಕೆಲಸವಿರುವಾಗಲೇ ಯೋಚಿಸಿ. ಅನಿವಾರ್ಯಕ್ಕೆ ಸಿಲುಕಿ ಮಾರುವವರಿಗೆ ಒಳ್ಳೆಯ ಬೆಲೆ ಸಿಗುವುದಿಲ್ಲ. ಕ್ರೆಡಿಟ್ ಕಾರ್ಡಿನ ಬಾಕಿಯನ್ನಂತೂ ಎಲ್ಲಕ್ಕಿಂತ ಮುಂದೆ ನಿಲ್ಲಿಸಿ. ತಿಂಗಳಿಗೆ ನೂರಕ್ಕೆ 3ರಂತೆ ಬಡ್ಡಿ ಬೆಳೆದರೆ ಕಟ್ಟದೆ ಬಿಟ್ಟ ಸಾಲ 2 ವರ್ಷಗಳಲ್ಲಿ ದುಪ್ಪಟ್ಟಾಗುತ್ತದೆ, ಮತ್ತು ಕನಿಷ್ಠ ಮೊತ್ತವನ್ನಷ್ಟೇ ಕಟ್ಟುತ್ತ ಹೋದರೆ ಅದರ ಬಹುಪಾಲು ಬಡ್ಡಿಗೇ ಸಲ್ಲುತ್ತದೆ. ಒಂದು ತಿಂಗಳ ಆಪತ್ತಿನ ನಿಧಿ ಕೂಡಿದ ಮೇಲೆ ಉಳಿದ ಬಲವನ್ನೆಲ್ಲ ಈ ಬಾಕಿಯ ಮೇಲೆ ಹಾಕಿ. ಕಂತು ಕಟ್ಟಲಾಗದ ಸ್ಥಿತಿ ಬರುವಂತಿದ್ದರೆ, ಕಂತು ತಪ್ಪುವ ಮುನ್ನವೇ ಸಾಲ ಕೊಟ್ಟವರನ್ನು ಭೇಟಿಯಾಗಿ ಅವಧಿ ವಿಸ್ತರಣೆ ಕೇಳಿ; ತಪ್ಪಿದ ನಂತರ ಕೇಳುವವರ ಮಾತಿಗೆ ಅಷ್ಟು ತೂಕವಿರುವುದಿಲ್ಲ.

ಮುಟ್ಟಬಾರದ ಖರ್ಚುಗಳೂ ಇವೆ. ಔಷಧಿ, ಆರೋಗ್ಯ ವಿಮೆ ಮತ್ತು ನಿಮ್ಮ ವೃತ್ತಿಗೆ ಬೇಕಾದ ಹೊಸ ಕಲಿಕೆ ಇವುಗಳಲ್ಲಿ ಕೈ ಬಿಗಿಹಿಡಿಯಬೇಡಿ. ಸಂಸ್ಥೆಯೇ ಕೊಡುವ ವಿಮೆ ಕೆಲಸದೊಂದಿಗೆ ಕೊನೆಗೊಳ್ಳುವುದೇ ಎಂಬುದನ್ನು ಈಗಲೇ ವಿಚಾರಿಸಿ. ಹಾಗೆಯೇ ಮನೆಯ ಪ್ರತಿಯೊಬ್ಬರಿಗೂ, ಲೆಕ್ಕ ಕೇಳದೆ ಕೊಡುವ ಒಂದು ಚಿಕ್ಕ ಮೊತ್ತವಿರಲಿ. ನೀವು ರೇಗುತ್ತಿರುವ ಖರ್ಚುಗಳೆಲ್ಲ ಬಹುಶಃ ಈ ಮೊತ್ತದೊಳಗೇ ಮುಗಿಯುವಂಥವು.

ಪ್ರಶ್ನೆ: ಎರಡು ತಿಂಗಳ ಹಿಂದೆ ನನ್ನ ಪತಿಯ ಕೆಲಸ ಹೋಯಿತು. ಮಗಳಿಗೆ 13 ವರ್ಷ, ಮಗನಿಗೆ 8. ಮಕ್ಕಳಿಗೆ ಈ ವಿಷಯ ತಿಳಿಸಬೇಕೇ, ಮುಚ್ಚಿಡಬೇಕೇ?

ಉತ್ತರ: ತಿಳಿಸಿ. ಮನೆಯ ಪಿಸುಮಾತನ್ನು ಮಕ್ಕಳು ಈಗಾಗಲೇ ಗಮನಿಸಿರುತ್ತಾರೆ ಮತ್ತು ಕಾರಣ ತಿಳಿಯದಿದ್ದರೆ ತಮ್ಮಿಂದಲೇ ಏನೋ ಆಗಿದೆಯೆಂದು ಅಂದುಕೊಳ್ಳುವ ಸಂಭವವಿದೆ. ಇಬ್ಬರೂ ಪೋಷಕರು ಜೊತೆಯಲ್ಲಿ ಕುಳಿತು ಹೇಳುವುದು ಒಳ್ಳೆಯದು. ಚಿಕ್ಕವನಿಗೆ, ಅಪ್ಪ ಹೊಸ ಕೆಲಸ ಹುಡುಕುತ್ತಿದ್ದಾರೆ, ಮನೆ, ಊಟ, ಶಾಲೆ ಯಾವುದಕ್ಕೂ ಈಗ ತೊಂದರೆಯಿಲ್ಲ ಎಂಬಷ್ಟು ಸಾಕು. ಆದರೆ ಅದು ನಿಜವಾಗಿದ್ದರೆ ಮಾತ್ರ ಹಾಗೆ ಹೇಳಿ. ಮಗಳಿಗೆ ತಿಂಗಳ ಖರ್ಚಿನ ಸ್ಥೂಲ ಚಿತ್ರವನ್ನು ತೋರಿಸಿ, ಏನನ್ನು ಮುಂದೂಡಬಹುದೆಂದು ಅವಳ ಅಭಿಪ್ರಾಯವನ್ನೂ ಕೇಳಿ. ಸಾಲದ ಮೊತ್ತವನ್ನಾಗಲಿ ನಿಮ್ಮಿಬ್ಬರ ನಡುವಿನ ಭಿನ್ನಾಭಿಪ್ರಾಯವನ್ನಾಗಲಿ ಅವಳ ಮುಂದೆ ಬಿಚ್ಚಿಡಬೇಕಿಲ್ಲ. ಅವಳು ತನ್ನ ಕೈಖರ್ಚಿನ ಹಣವೇ ಬೇಡವೆಂದರೆ ಮೆಚ್ಚಿ ಒಪ್ಪಿಕೊಂಡುಬಿಡಬೇಡಿ. ಅದನ್ನು ಸ್ವಲ್ಪ ಕಡಿಮೆ ಮಾಡಿಯಾದರೂ ಕೊಡುತ್ತಾ ಇರಿ.