ಊರಿನ ಸಿಮ್ ತೆಗೆಯಬೇಡಿ, ಅದರ ಡೇಟಾ ಮಾತ್ರ ಆಫ್ ಮಾಡಿ

ಪ್ರಶ್ನೆ: ಬಜಪೆಯಿಂದ ದುಬೈಗೆ, ಮಗಳ ಮನೆಗೆ ಹೊರಟಿದ್ದೇವೆ. 20 ದಿನ ಇರುತ್ತೇವೆ. ಇಲ್ಲಿನ ಸಿಮ್ಮಿಗೆ ರೋಮಿಂಗ್ ಪ್ಯಾಕ್ ಹಾಕಿಸುವುದೋ, ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಹಾಕಿಕೊಳ್ಳುವ ಸಿಮ್) ಕೊಳ್ಳುವುದೋ?
— ಬ್ರಹ್ಮಾವರದ ಓದುಗರು

ಉತ್ತರ: ಮನೆಯಲ್ಲಿ ವೈಫೈ ಇದ್ದರೆ ಡೇಟಾ ಬೇಕಾಗುವುದು ಹೊರಗೆ ಹೋದಾಗ ಮಾತ್ರ. ನಕ್ಷೆ, ಟ್ಯಾಕ್ಸಿ, ವಾಟ್ಸಾಪ್ ಸಂದೇಶಕ್ಕೆ 3 ಜಿಬಿ ಧಾರಾಳ. ರೀಲ್ಸ್ ನೋಡುತ್ತಾ ಕೂತರೆ ಎಷ್ಟಿದ್ದರೂ ಸಾಲದು. ದಿನಬಾಡಿಗೆಯ ರೋಮಿಂಗ್ ಪ್ಯಾಕ್ ಎರಡು ಮೂರು ದಿನದ ಓಡಾಟಕ್ಕೆ ಸರಿ. ನಿಮಗೆ 30 ದಿನ ವಾಯಿದೆಯ ಸಣ್ಣ ಇ-ಸಿಮ್ ಸಾಕು.

ಹಣ ಕೊಡುವ ಮೊದಲು *#06# ಒತ್ತಿ ನೋಡಿ. ಐಎಂಇಐ (ಫೋನಿನ ಗುರುತಿನ ಸಂಖ್ಯೆ) ಜೊತೆಗೆ ಇಐಡಿ ಎಂಬ 32 ಅಂಕಿಯ ಸಂಖ್ಯೆ ಕಂಡರೆ ಫೋನಿಗೆ ಇ-ಸಿಮ್ ಆಗುತ್ತದೆ. ಹೊರಡುವ ಹಿಂದಿನ ದಿನ ಮನೆಯ ವೈಫೈಯಲ್ಲೇ ಹಾಕಿಕೊಳ್ಳಿ. ಇ-ಸಿಮ್ ಹಾಕಲು ಸ್ಕ್ಯಾನ್ ಮಾಡಬೇಕಾದ ಕ್ಯೂಆರ್ ಕೋಡ್ ಅದೇ ಫೋನಿನ ಇಮೇಲಿಗೆ ಬರುತ್ತದೆ, ತನ್ನ ಪರದೆಯನ್ನು ತಾನೇ ಸ್ಕ್ಯಾನ್ ಮಾಡಲು ಕ್ಯಾಮೆರಾಕ್ಕೆ ಆಗದು. ಇನ್ನೊಂದು ಫೋನಿನಲ್ಲಿ ತೆರೆಯಿರಿ, ಇಲ್ಲವೇ ಪ್ರಿಂಟ್ ತೆಗೆಸಿ. ಆ ಕೋಡ್ ಸಾಮಾನ್ಯವಾಗಿ ಒಂದೇ ಸಲಕ್ಕೆ. ಕೆಲಸ ಮಾಡುತ್ತಿಲ್ಲವೆಂದು ಇ-ಸಿಮ್ ಅಳಿಸಿದಿರೋ, ಹೊಸದು ಕೊಳ್ಳಬೇಕಾದೀತು.

ಅಲ್ಲಿ ಇಳಿದ ಮೇಲೆ ಇ-ಸಿಮ್ಮಿನ ಡೇಟಾ ರೋಮಿಂಗ್ ಆನ್, ಊರಿನ ಸಿಮ್ಮಿನದು ಆಫ್. ಐಫೋನ್ ಆದರೆ 'ಅಲೋ ಸೆಲ್ಯುಲಾರ್ ಡೇಟಾ ಸ್ವಿಚಿಂಗ್' ಕೂಡ ಆಫ್ ಇರಲಿ. ಇಲ್ಲದಿದ್ದರೆ ಇ-ಸಿಮ್ಮಿನ ಸಿಗ್ನಲ್ ಕುಂದಿದಾಗ ಫೋನ್ ಊರಿನ ಸಿಮ್ಮಿಗೆ ಹಾರುತ್ತದೆ. ಪೋಸ್ಟ್‌ಪೇಯ್ಡ್‌ನವರಿಗೆ ಬಿಲ್ಲು ಏರುವುದು ಹೀಗೇ. ಸಿಗ್ನಲ್ ಇದ್ದೂ ಡೇಟಾ ಬಾರದಿದ್ದರೆ ಇ-ಸಿಮ್ ಕಂಪನಿ ಕಳಿಸಿದ ಎಪಿಎನ್ (ಫೋನನ್ನು ಇಂಟರ್ನೆಟ್ಟಿಗೆ ಜೋಡಿಸುವ ಸೆಟ್ಟಿಂಗ್) ಹೆಸರನ್ನು ಕೈಯಾರೆ ತುಂಬಿ.

ಊರಿನ ಸಿಮ್ ಕಳಚಿ ಪರ್ಸಿಗೆ ಹಾಕಬೇಡಿ. ಬ್ಯಾಂಕ್ ಒಟಿಪಿ ಬರುವುದು ಅದಕ್ಕೆ, ಯುಪಿಐ ಆ್ಯಪ್ ಕೂಡ ಆ ಸಿಮ್ಮನ್ನೇ ಹುಡುಕುತ್ತದೆ. ಇಲ್ಲಿಂದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಚಾಲೂ ಮಾಡಿಸಿಕೊಂಡು ಹೋಗಿ. ಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ದುಡ್ಡಿಲ್ಲ, ಕರೆ ಎತ್ತಿದರೆ ಇದೆ.

ಇನ್ನೊಂದು: ಯುಎಇಯಲ್ಲಿ ವಾಟ್ಸಾಪ್ ಕರೆಗೆ ತಡೆ ಇದೆ. ಮಗಳ ಮನೆಯ ವೈಫೈಯಲ್ಲೂ ಸಂದೇಶ, ವಾಯ್ಸ್ ನೋಟ್ ಹೋಗುತ್ತದೆ, ಕರೆ ಹೋಗುವುದಿಲ್ಲ. ಅಲ್ಲಿನವರು ಬಳಸುವುದು ಅನುಮತಿ ಪಡೆದ ಬೋಟಿಮ್‌ನಂಥ ಆ್ಯಪ್. ಊರಲ್ಲಿರುವವರ ಫೋನಿಗೂ ಅದನ್ನು ಹೊರಡುವ ಮೊದಲೇ ಹಾಕಿಕೊಡಿ.

ಪ್ರಶ್ನೆ: ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ಪ್ರವಾಸ. ಒಂದೇ ಸಿಮ್ ಸಾಕೇ?
— ಕದ್ರಿಯ ಓದುಗರು

ಉತ್ತರ: ಫ್ರಾನ್ಸಿನಲ್ಲಿ ಕೊಂಡ ಸ್ಥಳೀಯ ಸಿಮ್ ಸಾಮಾನ್ಯವಾಗಿ ಇಟಲಿಯಲ್ಲೂ ಹೆಚ್ಚಿನ ದರವಿಲ್ಲದೆ ನಡೆಯುತ್ತದೆ, ಐರೋಪ್ಯ ಒಕ್ಕೂಟದೊಳಗೆ 2017ರ ಜೂನ್‌ನಿಂದ ಈ ನಿಯಮ. ಸ್ವಿಟ್ಜರ್ಲೆಂಡ್ ಒಕ್ಕೂಟದಲ್ಲಿಲ್ಲ. ಪ್ಯಾಕ್ ಮೇಲೆ 'ಯುರೋಪ್' ಎಂದಿದ್ದರೆ ಸಾಲದು, ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಹೆಸರಿದೆಯೇ ನೋಡಿ ಕೊಳ್ಳಿ. ಲಂಡನ್ನಿಗೂ ಇದೇ ಮಾತು.

ಪ್ರಶ್ನೆ: ತಮ್ಮ ಅಮೆರಿಕದಿಂದ ಕಳಿಸಿದ ಐಫೋನಿಗೆ ಬೇರೆ ಇ-ಸಿಮ್ ಹಿಡಿಯುತ್ತಿಲ್ಲ.
— ಕಾಪುವಿನ ಓದುಗರು

ಉತ್ತರ: ಸೆಟ್ಟಿಂಗ್ಸ್, ಜನರಲ್, ಅಬೌಟ್‌ಗೆ ಹೋಗಿ 'ಕ್ಯಾರಿಯರ್ ಲಾಕ್' ನೋಡಿ. 'ನೋ ಸಿಮ್ ರಿಸ್ಟ್ರಿಕ್ಷನ್ಸ್' ಎಂದಿಲ್ಲವಾದರೆ ಫೋನ್ ಅಲ್ಲಿನ ಕಂಪನಿಗೆ ಕಟ್ಟುಬಿದ್ದಿದೆ, ಬಹುಶಃ ಕಂತು ಬಾಕಿ ಇರಬಹುದು. ಬಿಡಿಸಬೇಕಾದವರು ಆ ಕಂಪನಿಯವರೇ, ತಮ್ಮನಿಗೆ ಹೇಳಿ. ಅಮೆರಿಕದಲ್ಲಿ ಮಾರಿದ ಐಫೋನ್ 14 ಮತ್ತು ನಂತರದವಕ್ಕೆ ಸಿಮ್ ಟ್ರೇ ಇಲ್ಲ. ನಿಮ್ಮದು ಅಂಥದ್ದಾಗಿದ್ದು, ಅದನ್ನೇ ಹಿಡಿದು ವಿದೇಶಕ್ಕೆ ಹೊರಟಿದ್ದರೆ ಊರಿನ ನಂಬರನ್ನೂ ವಿಮಾನ ಹತ್ತುವ ಮೊದಲೇ ಇ-ಸಿಮ್ಮಿಗೆ ಬದಲಿಸಿಕೊಳ್ಳಬೇಕು.